ಬಡಾವಣೆಯ ಉದ್ಯಾನದ ನಿರ್ವಹಣೆ ಮತ್ತು ಅದರ ಹಣ: ನಿವಾಸಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನ ಬಡಾವಣೆಗಳಲ್ಲಿ ಉದ್ಯಾನವನ್ನು ಸರಿಪಡಿಸಲು ನಡೆಯುವ ಪ್ರಯತ್ನಗಳು ಬಹುಪಾಲು ಒಂದೇ ರೀತಿಯಲ್ಲಿ ಸೋಲುತ್ತವೆ. ನಿವಾಸಿಗಳು ಮೊದಲು ಚಂದಾ ಎತ್ತುತ್ತಾರೆ, ಇಲ್ಲವೇ ಶಾಸಕರ ಕಚೇರಿಗೆ ಹೋಗಿ ಕಾರಂಜಿ, ಮಂಟಪ, ವ್ಯಾಯಾಮದ ಉಪಕರಣಗಳನ್ನು ಕೇಳುತ್ತಾರೆ. ಅವೆಲ್ಲ ಬಂದ ಮೇಲೆ ಗಿಡಗಳಿಗೆ ನೀರು ಹಾಕುವವರಿರುವುದಿಲ್ಲ, ಮುರಿದ ಜೋಕಾಲಿಯನ್ನು ಸರಿಪಡಿಸುವವರಿರುವುದಿಲ್ಲ. ಎರಡನೆಯ ಬೇಸಿಗೆ ಬರುವಷ್ಟರಲ್ಲಿ ಉದ್ಯಾನ ಮೊದಲಿನ ಸ್ಥಿತಿಗೇ ಮರಳಿರುತ್ತದೆ. ಕಟ್ಟುವ ಕೆಲಸಕ್ಕೆ ಹಣ ಸಿಗುವ ದಾರಿಗಳು ಹಲವಿದ್ದರೆ, ದಿನನಿತ್ಯದ ಆರೈಕೆಗೆ ಹಣ ಸಿಗುವ ದಾರಿ ಮುಖ್ಯವಾಗಿ ಪಾಲಿಕೆಯ ನಿರ್ವಹಣಾ ಬಾಬ್ತು ಒಂದೇ. ಆದುದರಿಂದ ಮೊದಲು ಆ ಬಾಬ್ತಿನ ಹಣ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದನ್ನು ಪತ್ತೆಮಾಡಿ, ಹೊರಗಿನ ಹಣದ ಮಾತನ್ನು ಕೊನೆಗೆ ಎತ್ತಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಜೋಡಿಸಲಾಗಿದೆ. ದಯವಿಟ್ಟು ಅವುಗಳನ್ನು ಹಿಂದುಮುಂದು ಮಾಡಬೇಡಿ.

ಆರಂಭಿಸುವ ಮುನ್ನ ಬೇಕಾದವು

ಐವತ್ತು ಮೀಟರಿನ ಅಳತೆ ಟೇಪು, ದಿನಾಂಕ ದಾಖಲಾಗುವ ಛಾಯಾಚಿತ್ರ ತೆಗೆಯಬಲ್ಲ ಫೋನು, ಪುಟಸಂಖ್ಯೆ ಹಾಕಿದ ಒಂದು ದಪ್ಪ ನೋಟ್‌ಬುಕ್ ಮತ್ತು ಎಲ್ಲ ಪತ್ರಗಳ ಸ್ವೀಕೃತಿ ಪ್ರತಿಗಳನ್ನು ಇಡುವ ಒಂದು ಕಡತ ಸಾಕು. ಜನರ ಪೈಕಿ ವಾರಕ್ಕೆ ಎರಡು ಗಂಟೆ ಕೊಡಬಲ್ಲ ಮೂರು ಅಥವಾ ನಾಲ್ಕು ಮಂದಿ ಬೇಕು. ಅವರಲ್ಲಿ ಒಬ್ಬರು ಬೆಳಗಿನ ಹೊತ್ತು ದಿನವೂ ಉದ್ಯಾನಕ್ಕೆ ಬರುವವರಾಗಿರಲಿ, ಏಕೆಂದರೆ ಮಾಲಿ ಬಂದನೋ ಇಲ್ಲವೋ ಎಂಬುದನ್ನು ಬೇರೆ ಯಾರೂ ನಂಬಿಕೆಯಿಂದ ಹೇಳಲಾರರು.

ಹಂತ 1: ಜಾಗ ಯಾರದು, ಹೊಣೆ ಯಾರದು ಎಂದು ಖಚಿತಪಡಿಸಿಕೊಳ್ಳುವುದು

2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಕೆಲಸ ಮಾಡುತ್ತಿವೆ. ವಾರ್ಡುಗಳ ಗಡಿಗಳೂ ಬದಲಾಗಿವೆ. ಹಳೆಯ ವಾರ್ಡ್ ಸಂಖ್ಯೆ ಹಾಕಿ ಹಳೆಯ ಕಚೇರಿಗೆ ಬರೆದ ಪತ್ರಗಳು ಉತ್ತರವಿಲ್ಲದೆ ಉಳಿಯುವುದಕ್ಕೆ ಇದೂ ಒಂದು ಕಾರಣವಾದ್ದರಿಂದ, ನಿಮ್ಮ ಉದ್ಯಾನ ಈಗ ಯಾವ ಪಾಲಿಕೆಯ ಯಾವ ವಾರ್ಡಿನಲ್ಲಿದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಅನಂತರ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಪಡೆಯಿರಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಒಟ್ಟು ವಿಸ್ತೀರ್ಣದ ಶೇಕಡಾ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕೆಂದು 1976ರ ಪ್ರಾಧಿಕಾರದ ಕಾಯಿದೆಯಲ್ಲಿಯೇ ಇದೆ. ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ ಜಾಗವನ್ನು ಪ್ರಾಧಿಕಾರವು ಪಾಲಿಕೆಗೆ ಹಸ್ತಾಂತರಿಸಿದೆಯೇ ಎಂಬುದನ್ನು ನೋಡಬೇಕು. ಹಸ್ತಾಂತರವಾಗದಿದ್ದರೆ ಪಾಲಿಕೆಯ ತೋಟಗಾರಿಕೆ ವಿಭಾಗದವರು ಒಂದು ಬಕೆಟ್ ನೀರನ್ನೂ ಅಲ್ಲಿ ಖರ್ಚು ಮಾಡಲಾರರು, ಮತ್ತು ನಿಮ್ಮ ಮೊದಲ ಮನವಿ ಹಸ್ತಾಂತರಕ್ಕಾಗಿಯೇ ಇರಬೇಕಾಗುತ್ತದೆ. ಖಾಸಗಿ ಬಡಾವಣೆಯಾದರೆ ಮಾಲೀಕರು ಉದ್ಯಾನದ ಜಾಗವನ್ನು ನೋಂದಾಯಿತ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದಾರೆಯೇ ಎಂಬುದನ್ನು ಪರಿಶೀಲಿಸಿ.

ಟೇಪು ಹಿಡಿದು ಉದ್ಯಾನದ ನಾಲ್ಕೂ ಬದಿಗಳನ್ನು ಅಳೆದು ನಕ್ಷೆಯೊಂದಿಗೆ ಹೋಲಿಸುವುದನ್ನು ಬಿಡಬೇಡಿ. ಜಾಗ ಕಡಿಮೆಯಾಗಿದ್ದರೆ ಅದು ಒತ್ತುವರಿಯ ಸೂಚನೆ, ಅದಕ್ಕೆ ಪ್ರತ್ಯೇಕ ದೂರು ಬೇಕು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣಾ ಕಾಯಿದೆಯಡಿ ಪಟ್ಟಿಯಾದ ಉದ್ಯಾನವನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿಕೆ ಮಾಡಿದ್ದನ್ನು ಒಪ್ಪದೆ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪು ಅಲ್ಲಿನ ನಿವಾಸಿಗಳೇ ಹೋರಾಡಿ ಪಡೆದದ್ದು. ಒತ್ತುವರಿಯ ದೂರಿನಲ್ಲಿ ಈ ಎರಡನ್ನೂ ಉಲ್ಲೇಖಿಸಿ.

ಕೊನೆಯದಾಗಿ, ಒಂದೇ ಉದ್ಯಾನಕ್ಕೆ ಹಲವು ವಿಭಾಗಗಳು ಸಂಬಂಧಿಸಿರುತ್ತವೆ ಎಂಬುದನ್ನು ಗಮನದಲ್ಲಿಡಿ. ಗಿಡ, ಹುಲ್ಲುಹಾಸು, ಮಾಲಿಗಳ ವಿಷಯ ತೋಟಗಾರಿಕೆ ವಿಭಾಗದ್ದು. ದೊಡ್ಡ ಮರಗಳ ಒಣಗಿದ ಕೊಂಬೆ ಕತ್ತರಿಸುವುದು ಅರಣ್ಯ ಘಟಕದ್ದು. ದೀಪಗಳು ವಿದ್ಯುತ್ ವಿಭಾಗದ್ದು. ನೀರಿನ ಸಂಪರ್ಕ ಜಲಮಂಡಳಿಯದು. ನಾಲ್ಕೂ ದೂರುಗಳನ್ನು ಒಂದೇ ಪತ್ರದಲ್ಲಿ ತುಂಬಿಸಿದರೆ ಆ ಪತ್ರ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ. ಒಂದು ವಿಷಯಕ್ಕೆ ಒಂದು ಪತ್ರ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಹಂತ 2: ಈಗಾಗಲೇ ಇರುವ ಗುತ್ತಿಗೆಯ ದಾಖಲೆಗಳನ್ನು ಪಡೆಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಜೀವಾಳ ಇದೇ. ಪಾಳು ಬಿದ್ದಂತೆ ಕಾಣುವ ಉದ್ಯಾನಕ್ಕೂ ಕಾಗದದ ಮೇಲೆ ಒಬ್ಬ ನಿರ್ವಹಣಾ ಗುತ್ತಿಗೆದಾರ ಇರುವುದುಂಟು. ಆ ಗುತ್ತಿಗೆಯಲ್ಲಿ ಎಷ್ಟು ಜನ ಮಾಲಿಗಳು, ಎಷ್ಟು ದಿನಕ್ಕೊಮ್ಮೆ ಹುಲ್ಲು ಕತ್ತರಿಸುವುದು, ವರ್ಷಕ್ಕೆ ಎಷ್ಟು ಗೊಬ್ಬರ ಎಂಬುದೆಲ್ಲ ಬರೆದಿರುತ್ತದೆ. ನಮ್ಮ ಬಡಾವಣೆಯಲ್ಲಿ ಎರಡು ವರ್ಷ ನಾವೇ ಹಣ ಹಾಕಿ ಕೂಲಿಯವರನ್ನು ಕರೆಸುತ್ತಿದ್ದೆವು. ದಾಖಲೆ ತರಿಸಿದ ಮೇಲೆ ಅದೇ ಕೆಲಸಕ್ಕೆ ಅದೇ ಅವಧಿಯಲ್ಲಿ ಬಿಲ್ಲು ಪಾವತಿಯಾಗಿದ್ದುದು ತಿಳಿಯಿತು. ಆ ಎರಡು ವರ್ಷಗಳ ಬೇಸರ ಇಂದಿಗೂ ಮಾಸಿಲ್ಲ.

ದಾಖಲೆಗಳಿಗಾಗಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ತೋಟಗಾರಿಕೆ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ ಎ ಭರ್ತಿ ಮಾಡಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಸಲ್ಲಿಸಿ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಒಕ್ಕಣೆ ಹೀಗಿರಲಿ:

“ಇಂತಹ ವಾರ್ಡಿನ ಇಂತಹ ಉದ್ಯಾನದ ನಿರ್ವಹಣೆಗೆ ಸಂಬಂಧಿಸಿ ಕಳೆದ ಎರಡು ಆರ್ಥಿಕ ವರ್ಷಗಳ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು: ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಯಾದ ಬಿಲ್ಲುಗಳು, ನಿಯೋಜಿತ ಕಾರ್ಮಿಕರ ಹಾಜರಾತಿ. ಹಲವು ಉದ್ಯಾನಗಳು ಒಂದೇ ಪ್ಯಾಕೇಜಿನಲ್ಲಿದ್ದರೆ ಈ ಉದ್ಯಾನಕ್ಕೆ ನಿಗದಿಯಾದ ಭಾಗದ ವಿವರವನ್ನೂ ನೀಡಬೇಕು.”

ಅಳತೆ ಪುಸ್ತಕವೆಂದರೆ ಆದ ಕೆಲಸವನ್ನು ಅಳೆದು ಬರೆದಿಡುವ ಕಚೇರಿಯ ಪುಸ್ತಕ. ಕೊನೆಯ ವಾಕ್ಯವನ್ನು ಮರೆಯಬೇಡಿ. ಹಲವು ಉದ್ಯಾನಗಳನ್ನು ಒಟ್ಟುಗೂಡಿಸಿ ಟೆಂಡರ್ ಕರೆದಿದ್ದರೆ ನಿಮ್ಮ ಉದ್ಯಾನದ ಪಾಲು ಎಷ್ಟೆಂಬುದು ಕಾರ್ಯಾದೇಶವೊಂದರಿಂದಲೇ ತಿಳಿಯುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ “ಉದ್ಯಾನವನ್ನು ಏಕೆ ನಿರ್ವಹಿಸುತ್ತಿಲ್ಲ?” ಎಂದು ಪ್ರಶ್ನಿಸುವುದು. ಕಾಯಿದೆಯಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆಯೇ ಹೊರತು ವಿವರಣೆಯಲ್ಲ; ಇಂತಹ ಅರ್ಜಿಗಳನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದೂ ವಿಫಲವಾದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬೇಕು. ಈ ದಿನಾಂಕಗಳನ್ನು ಅರ್ಜಿ ಹಾಕಿದ ದಿನವೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಇದೇ ಕಾಯಿದೆ ಕೊಡುತ್ತದೆ. ಹೊಸ ನಡಿಗೆ ಹಾದಿ ಹಾಕುತ್ತಿರುವಾಗ ಇದು ಬಹಳ ಉಪಯುಕ್ತ.

ಹಂತ 3: ಕಾಗದವನ್ನೂ ನೆಲವನ್ನೂ ಹೋಲಿಸುವುದು

ದಾಖಲೆಗಳು ಬಂದ ಮೇಲೆ ಅಂದಾಜು ಪಟ್ಟಿಯ ಪ್ರತಿಯೊಂದು ಬಾಬ್ತನ್ನು ಎದುರಿಗಿಟ್ಟುಕೊಂಡು ಉದ್ಯಾನವನ್ನು ಸುತ್ತಿ. ಪಟ್ಟಿಯಲ್ಲಿ ಇಬ್ಬರು ಮಾಲಿಗಳಿದ್ದು ಒಬ್ಬರೇ ಬರುತ್ತಿದ್ದರೆ, 30 ದಿನಗಳ ಹಾಜರಾತಿಯನ್ನು ನೀವೇ ಬರೆದಿಡಿ. ಮಾಲಿಯ ಮೇಲೆ ಕೂಗಾಡಬೇಡಿ. ಬಹುಮಟ್ಟಿಗೆ ಅವರಿಗೂ ಸಂಬಳ ತಡವಾಗಿಯೇ ಬರುತ್ತಿರುತ್ತದೆ, ಮತ್ತು ಉದ್ಯಾನದ ನಿಜಸ್ಥಿತಿಯನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಅವರಿಗೆ ಹಾರೆ, ಗುದ್ದಲಿ, ಸಲಿಕೆ, ಕತ್ತರಿ, ನೀರಿನ ಪೈಪು ಕೊಟ್ಟಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಉಪಕರಣಗಳು ಗುತ್ತಿಗೆಯಲ್ಲಿ ಸೇರಿದ್ದರೂ ಕೈಗೆ ಬಂದಿರುವುದಿಲ್ಲ.

ಇದೇ ಸುತ್ತಿನಲ್ಲಿ ಅಪಾಯಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿ. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಅಂತಹ ಗೇಟುಗಳು ಒಂದೇ ದಿನದಲ್ಲಿ ಸಡಿಲವಾಗುವುದಿಲ್ಲ. ಗೇಟನ್ನು ತೆರೆದಾಗ ಅದು ಕೆಳಗೆ ಜಗ್ಗಿ ನೆಲಕ್ಕೆ ಉಜ್ಜುತ್ತಿದ್ದರೆ, ಹಳಿಯಿಂದ ಆಚೀಚೆ ಅಲುಗಾಡುತ್ತಿದ್ದರೆ, ತಿರುಗಣೆಯ ಬೆಸುಗೆಯ ಸುತ್ತ ತುಕ್ಕಿನ ಗೆರೆ ಕಂಡರೆ ಅದನ್ನು ಅಂದೇ ಕಟ್ಟಿಹಾಕಿ ಮುಚ್ಚಿಸಬೇಕು. ಜೋಕಾಲಿಯ ಸರಪಳಿಯ ಕೊಂಡಿ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ಜಾರುಬಂಡೆಯ ತಗಡು ಎದ್ದಿದ್ದರೆ, ಕೆಳಗಿನ ಮರಳು ಹೋಗಿ ಗಟ್ಟಿ ನೆಲ ಕಾಣುತ್ತಿದ್ದರೆ ಅವೂ ಇದೇ ಪಟ್ಟಿಗೆ ಸೇರಲಿ. ದೀಪದ ಕಂಬದ ಬುಡದಲ್ಲಿ ಮುಚ್ಚಳವಿಲ್ಲದೆ ತಂತಿ ಹೊರಬಂದಿದ್ದರೆ ಮುಟ್ಟಲು ಹೋಗದೆ, ಮಕ್ಕಳನ್ನು ದೂರವಿರಿಸಿ, ಪಾಲಿಕೆಯ ಸಹಾಯವಾಣಿ 1533ಕ್ಕೂ ಬೆಸ್ಕಾಂನ 1912ಕ್ಕೂ ಕರೆ ಮಾಡಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಪಾಯದ ದೂರುಗಳು ಅನುದಾನಕ್ಕಾಗಿ ಕಾಯುವಂಥವಲ್ಲ. ಅವನ್ನು ಬಜೆಟ್ ಬೇಡಿಕೆಯೊಂದಿಗೆ ಬೆರೆಸಬಾರದು.

ಮರ ಒಣಗಿದೆ ಎಂದು ನಿವಾಸಿಗಳೇ ಕಡಿಸುವುದು ಅಪರಾಧವಾಗುತ್ತದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕೇ ಬೇಕು.

ಹಂತ 4: ವರ್ಷದ ನಿಜವಾದ ಖರ್ಚನ್ನು ಲೆಕ್ಕ ಹಾಕುವುದು

ಖರ್ಚಿನಲ್ಲಿ ಕೂಲಿ ಮತ್ತು ನೀರು ಎರಡೇ ದೊಡ್ಡವು. ಕೂಲಿಯನ್ನು ರಾಜ್ಯ ಸರ್ಕಾರದ ಚಾಲ್ತಿಯಲ್ಲಿರುವ ಕನಿಷ್ಠ ವೇತನ ಅಧಿಸೂಚನೆಯ ಪ್ರಕಾರವೇ ಹಿಡಿಯಿರಿ. ಭವಿಷ್ಯ ನಿಧಿ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯವಾಗುವ ಕಡೆ ಉದ್ಯೋಗದಾತರ ಪಾಲನ್ನೂ ಕೂಡಿಸಿ. ಭವಿಷ್ಯ ನಿಧಿಗೆ ಅದು ಶೇಕಡಾ 12, ಇಎಸ್‌ಐಗೆ ಶೇಕಡಾ 3.25. ಇವನ್ನು ಬಿಟ್ಟು ಮಾಡಿದ ಅಂದಾಜು ಅಗ್ಗವಾಗಿ ಕಂಡರೂ, ಕೊನೆಗೆ ಅದು ಮಾಲಿಯ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ನೀರಿನ ಲೆಕ್ಕವನ್ನು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಬೇಸಿಗೆಯಲ್ಲಿ ಉದ್ಯಾನಗಳು ಸಾಯುವುದು ಇದರಿಂದಲೇ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಅರ್ಧ ಎಕರೆಯ ಉದ್ಯಾನ ಸುಮಾರು 2,000 ಚದರ ಮೀಟರ್ ಇರುತ್ತದೆ. ಅದರಲ್ಲಿ ಅರ್ಧ ಭಾಗ ಹುಲ್ಲುಹಾಸು ಎಂದಿಟ್ಟುಕೊಂಡು, ಏಪ್ರಿಲ್‌ನ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಹಾಕಿದರೆ 5,000 ಲೀಟರ್ ಬೇಕು. ಅಂದರೆ ಹತ್ತಿರ ಹತ್ತಿರ ದಿನಕ್ಕೊಂದು ಸಣ್ಣ ಟ್ಯಾಂಕರ್. ಇಷ್ಟು ನೀರನ್ನು ಯಾವ ಬಡಾವಣೆಯೂ ಕೊಂಡು ಹಾಕಲಾರದು. 2024ರ ಮಾರ್ಚ್‌ನ ಬರಗಾಲದಲ್ಲಿ ಜಲಮಂಡಳಿಯು ಕೈತೋಟಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ನೆನೆದರೆ, ಕಾವೇರಿ ನೀರನ್ನು ನಂಬಿ ಯೋಜನೆ ಮಾಡುವುದು ಸರಿಯಲ್ಲವೆಂಬುದು ಸ್ಪಷ್ಟ.

ಆದುದರಿಂದ ಹುಲ್ಲುಹಾಸನ್ನು ಮಕ್ಕಳು ಕುಳಿತಾಡುವಷ್ಟು ಜಾಗಕ್ಕೆ ಸೀಮಿತಗೊಳಿಸಿ, ಉಳಿದೆಡೆ ಒಣ ಎಲೆಯ ಹೊದಿಕೆ ಹಾಕಿ ಪೊದೆಗಳನ್ನು ಬೆಳೆಸಬೇಕು. ದಟ್ಟ ನೆರಳಿನ ಮಳೆಮರದ ಕೆಳಗೆ ಪ್ರತಿ ವರ್ಷ ಹೊಸ ಹುಲ್ಲುಹಾಸು ಹಾಸುವುದು ನಾನು ಪದೇ ಪದೇ ಕಾಣುವ ವ್ಯರ್ಥ ಖರ್ಚು. ಬಿಸಿಲಿಲ್ಲದ ಕಡೆ ಹುಲ್ಲು ಉಳಿಯುವುದೇ ಇಲ್ಲ. ಹತ್ತಿರದಲ್ಲಿ ಸಂಸ್ಕರಿಸಿದ ನೀರು, ಅಂದರೆ ಶುದ್ಧೀಕರಿಸಿದ ಚರಂಡಿ ನೀರು, ದೊರೆಯುವುದಾದರೆ ಅದಕ್ಕೆ ಬೇರೆ ಬಣ್ಣದ ಪೈಪು ಹಾಕಿ, ಕುಡಿಯುವ ನೀರಿನ ನಲ್ಲಿಯೊಂದಿಗೆ ಎಂದೂ ಸೇರದಂತೆ ನೋಡಿಕೊಂಡು, ಜನರಿಲ್ಲದ ಹೊತ್ತಿನಲ್ಲಿ ಗಿಡದ ಬುಡಕ್ಕೆ ಹರಿಸಿ.

ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಮೇಲಿನ ಅರ್ಧ ಎಕರೆಯ ಮೇಲೆಯೇ ವರ್ಷಕ್ಕೆ 19 ಲಕ್ಷ ಲೀಟರ್ ಬೀಳುತ್ತದೆ. ಇದರ ಒಂದು ಭಾಗವನ್ನಾದರೂ ಹಿಡಿದು ನೆಲದೊಳಗೆ ಇಳಿಸಲು ಸಿಮೆಂಟ್ ಉಂಗುರಗಳ ಇಂಗುಬಾವಿ ತೋಡಿಸಿ. ಈ ಕೆಲಸವನ್ನು ತಲೆಮಾರುಗಳಿಂದ ಬಲ್ಲ ಮಣ್ಣು ವಡ್ಡರ ಕುಟುಂಬಗಳು ಬೆಂಗಳೂರಿನ ಸುತ್ತ ಇವೆ. ಕಬ್ಬನ್ ಪಾರ್ಕಿನ ಇಂಗುಬಾವಿಗಳನ್ನು ತೋಡಿದವರೂ ಅವರೇ. ಬಾವಿ ಒಳಚರಂಡಿಯ ಮಾರ್ಗದಿಂದ ದೂರವಿರಬೇಕು, ಬಾಯಿಗೆ ಗಟ್ಟಿಯಾದ ಮುಚ್ಚಳವಿರಬೇಕು, ಬಾವಿಯ ಮುಂದಿರುವ ಗುಂಡಿಯ ಹೂಳನ್ನು ಮುಂಗಾರಿಗೆ ಮುನ್ನ ಪ್ರತಿ ವರ್ಷ ತೆಗೆಸಬೇಕು. ಮಳೆ ನಿಂತು ಎರಡು ದಿನವಾದರೂ ಬಾವಿಯ ಸುತ್ತ ನೀರು ನಿಂತಿದ್ದರೆ ಹೂಳು ತುಂಬಿದೆ ಎಂದರ್ಥ.

ಹಂತ 5: ಬೇಡಿಕೆಯನ್ನು ಬಜೆಟ್ಟಿಗೆ ಮುಟ್ಟಿಸುವುದು

ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಬಜೆಟ್ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ. ಫೆಬ್ರವರಿಯಲ್ಲಿ ಕೊಟ್ಟ ಮನವಿ ಆ ವರ್ಷಕ್ಕೆ ತಡವಾದದ್ದೇ. ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲೆ ಸಂಗ್ರಹ, ಸೆಪ್ಟೆಂಬರ್‌ನಲ್ಲಿ ಖರ್ಚಿನ ಲೆಕ್ಕ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮನವಿ ಎಂದು ಕೆಲಸವನ್ನು ಹಂಚಿಕೊಳ್ಳಿ.

ಮನವಿಯಲ್ಲಿ “ಉದ್ಯಾನದ ಅಭಿವೃದ್ಧಿಗೆ ಅನುದಾನ” ಎಂದು ಬರೆಯಬೇಡಿ. ಅಭಿವೃದ್ಧಿ ಎಂದರೆ ಬಂಡವಾಳ ವೆಚ್ಚ, ಅಂದರೆ ಮತ್ತೆ ಗ್ರಾನೈಟ್ ಮತ್ತು ಮಂಟಪ. ನಿಮಗೆ ಬೇಕಾದ್ದು ರಾಜಸ್ವ ವೆಚ್ಚದಲ್ಲಿ, ಅಂದರೆ ದಿನನಿತ್ಯದ ಖರ್ಚಿನಲ್ಲಿ, ಬರುವ ವಾರ್ಷಿಕ ನಿರ್ವಹಣೆ. ಆ ಪದವನ್ನೇ ಬಳಸಿ, ಎಷ್ಟು ಮಾಲಿಗಳು, ಎಷ್ಟು ನೀರು, ಯಾವ ದುರಸ್ತಿ ಎಂಬುದನ್ನು ಮೊತ್ತದೊಂದಿಗೆ ಒಂದೇ ಪುಟದಲ್ಲಿ ಕೊಡಿ. ಮನವಿಯನ್ನು ವಾರ್ಡ್ ಸಮಿತಿಯ ಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ದಾಖಲಾಗುವಂತೆ ಒತ್ತಾಯಿಸಿ. ಬಾಯಿಮಾತಿನ ಭರವಸೆಯನ್ನು ಬಜೆಟ್ ಸಿದ್ಧಪಡಿಸುವವರು ನೋಡುವುದಿಲ್ಲ. ಚುನಾಯಿತ ಸದಸ್ಯರಿಲ್ಲದ ಅವಧಿಯಲ್ಲಿ ಪ್ರತಿಯನ್ನು ಪಾಲಿಕೆಯ ಆಯುಕ್ತರಿಗೂ ತೋಟಗಾರಿಕೆ ವಿಭಾಗದ ಮುಖ್ಯಸ್ಥರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಗರಾಡಳಿತದ ಸುಧಾರಣೆಗೆ ದುಡಿಯುವ ಜನಾಗ್ರಹ ಸಂಸ್ಥೆಯು 2015ರಿಂದ ನಡೆಸುತ್ತಿರುವ ‘ಮೈ ಸಿಟಿ ಮೈ ಬಜೆಟ್’ ಅಭಿಯಾನದಲ್ಲಿ ನಿವಾಸಿಗಳ ಬೇಡಿಕೆಗಳನ್ನು ಸಂಗ್ರಹಿಸುತ್ತಾರೆ, ಅಲ್ಲಿಯೂ ಇದೇ ಪುಟವನ್ನು ಕೊಡಬಹುದು. ಮೈಸೂರು, ಹುಬ್ಬಳ್ಳಿ-ಧಾರವಾಡದಂತಹ ಪಾಲಿಕೆಗಳಲ್ಲಿ 1976ರ ಪೌರ ನಿಗಮಗಳ ಕಾಯಿದೆಯ ಪ್ರಕಾರ ವಾರ್ಡ್ ಸಮಿತಿಯಲ್ಲಿ ನಿವಾಸಿಗಳ ಸಂಘಗಳ ಇಬ್ಬರು ಪ್ರತಿನಿಧಿಗಳಿಗೆ ಸ್ಥಾನವಿದೆ; ಅದನ್ನು ಬಳಸಿಕೊಳ್ಳಿ.

ಹಂತ 6: ಹೊರಗಿನ ಹಣವನ್ನು ಸರಿಯಾದ ಕೆಲಸಕ್ಕೆ ಮಾತ್ರ ಪಡೆಯುವುದು

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಇವೆರಡೂ ಬಾಳಿಕೆ ಬರುವ ಆಸ್ತಿಗಳಿಗಾಗಿ ಇರುವ ಹಣ. ಮಾಲಿಯ ಸಂಬಳಕ್ಕೆ ಇದನ್ನು ಕೇಳಿದರೆ ಸಿಗುವುದಿಲ್ಲ. ಇಂಗುಬಾವಿ, ಸಂಸ್ಕರಿಸಿದ ನೀರಿನ ತೊಟ್ಟಿ, ಸುತ್ತುಬೇಲಿ ಇಂತಹವನ್ನು ಕೇಳಿ, ಅಂದರೆ ಮುಂದಿನ ವರ್ಷಗಳ ನಿರ್ವಹಣಾ ವೆಚ್ಚವನ್ನು ಇಳಿಸುವಂಥವನ್ನು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ವಿಷಯದಲ್ಲಿ ಸಂಘಗಳು ಎಡವುವುದು ಒಂದೇ ಕಲ್ಲಿಗೆ. 2013ರ ಕಂಪನಿ ಕಾಯಿದೆಯಡಿ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಖರ್ಚು ಮಾಡಬೇಕು, ಪರಿಸರ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ 2021ರ ಏಪ್ರಿಲ್‌ನಿಂದ ಈ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿತವಾಗಿರಬೇಕು. ಅದಕ್ಕೆ ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಬೇಕು, ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ಅನುಭವವೂ ಬೇಕು. 1960ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಿದ ಮಾತ್ರಕ್ಕೆ ನಿಮ್ಮ ಸಂಘ ಅರ್ಹವಾಗುವುದಿಲ್ಲ. ಅರ್ಹ ಸಂಸ್ಥೆಯೊಂದರ ಜೊತೆ ಸೇರುವುದು, ಅಥವಾ ಉದ್ಯಾನದ ಆರೈಕೆಯನ್ನು ಕಂಪನಿ ವಹಿಸಿಕೊಳ್ಳುವ ದತ್ತು ಒಪ್ಪಂದವನ್ನು ಕಂಪನಿ ಮತ್ತು ಪಾಲಿಕೆಯ ನಡುವೆಯೇ ಮಾಡಿಸುವುದು ಉತ್ತಮ. ಒಪ್ಪಂದದಲ್ಲಿ ಅವಧಿ, ಮಾಲಿಗಳ ಸಂಖ್ಯೆ, ಫಲಕದ ಗಾತ್ರ, ಪ್ರವೇಶ ಶುಲ್ಕ ವಿಧಿಸಬಾರದೆಂಬ ಷರತ್ತು, ಕಂಪನಿ ಹಿಂದೆ ಸರಿದರೆ ಮರುದಿನದಿಂದ ಯಾರು ನೋಡಿಕೊಳ್ಳಬೇಕೆಂಬ ವಿವರ ಇರಲೇಬೇಕು. ದತ್ತು ಪಡೆದ ಉದ್ಯಾನವನ್ನು ಪಾಲಿಕೆಯ ನಿರ್ವಹಣಾ ಪಟ್ಟಿಯಿಂದ ತೆಗೆದಿದ್ದರೆ ಮತ್ತೆ ಸೇರಿಸಲು ಒಂದು ವರ್ಷವೇ ಹಿಡಿಯಬಹುದು. ಈ ಅಂಶವನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಿವಾಸಿಗಳ ಚಂದಾ ಸಣ್ಣ ಖರ್ಚುಗಳಿಗೆ ಮಾತ್ರ ಇರಲಿ. ಅದನ್ನು ಸಂಘದ ಬ್ಯಾಂಕ್ ಖಾತೆಗೇ, ರಶೀದಿ ಕೊಟ್ಟು ಪಡೆಯಿರಿ. ವ್ಯಕ್ತಿಯೊಬ್ಬರ ಫೋನ್ ಸಂಖ್ಯೆಗೆ ಹಣ ಕಳುಹಿಸುವ ಪದ್ಧತಿ ಎಷ್ಟೋ ಒಳ್ಳೆಯ ಸಂಘಗಳನ್ನು ಒಡೆದಿದೆ.

ಹಂತ 7: ತಿಂಗಳ ನಿಗಾ

ಪ್ರತಿ ತಿಂಗಳ ಮೊದಲ ವಾರ ಮೂವರು ಉದ್ಯಾನ ಸುತ್ತಿ, ಒಂದೇ ಜಾಗಗಳಿಂದ ಛಾಯಾಚಿತ್ರ ತೆಗೆದು, ಹಾಜರಾತಿಯ ಜೊತೆ ವಿಭಾಗದ ಎಂಜಿನಿಯರ್ ಅಥವಾ ತೋಟಗಾರಿಕೆ ಅಧಿಕಾರಿಗೆ ಕೊಡಬೇಕು. ಗುತ್ತಿಗೆದಾರರ ಬಿಲ್ಲು ಪಾವತಿಯಾಗುವ ಮುನ್ನ ಈ ವರದಿ ಕಡತಕ್ಕೆ ಸೇರಿದರೆ ಮಾತ್ರ ಅದಕ್ಕೆ ಬೆಲೆ. ಪಾವತಿಯಾದ ಮೇಲೆ ಕೊಟ್ಟ ದೂರಿನಿಂದ ಹೆಚ್ಚೇನೂ ಆಗುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉದುರುವ ಎಲೆಗಳನ್ನು ಸುಡಲು ಬಿಡಬೇಡಿ. ಒಂದು ಮೀಟರ್ ಉದ್ದ, ಅಗಲ, ಎತ್ತರದ ತಂತಿಬಲೆಯ ತೊಟ್ಟಿಯಲ್ಲಿ ಎಲೆ ತುಂಬಿ, ತೆಳುವಾಗಿ ಸಗಣಿ ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿದರೆ ನಾಲ್ಕರಿಂದ ಆರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಹೊಂಗೆ, ಮಳೆಮರದ ಎಲೆ ಬೇಗ ಕೊಳೆಯುತ್ತದೆ, ಮಹಾಗನಿಯದು ನಿಧಾನ. ರಾಶಿ ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ, ವಾರಗಟ್ಟಲೆ ತಣ್ಣಗೇ ಇದ್ದರೆ ನೀರು ಕಡಿಮೆಯಾಗಿದೆ.

ತಕ್ಷಣ ಗಮನಿಸಬೇಕಾದ ಸೂಚನೆಗಳು

ಮಾಲಿ ಎರಡು ವಾರ ಕಾಣಿಸದಿದ್ದರೆ ಗುತ್ತಿಗೆಯ ಅವಧಿ ಮುಗಿದಿರಬಹುದು. ಮುಗಿಯುವ ದಿನಾಂಕವನ್ನು ಕಾರ್ಯಾದೇಶದಲ್ಲಿ ನೋಡಿ, ಮೂರು ತಿಂಗಳು ಮೊದಲೇ ಹೊಸ ಟೆಂಡರ್‌ಗೆ ಪತ್ರ ಬರೆಯಿರಿ. ಮರದ ಬುಡದವರೆಗೂ ಸಿಮೆಂಟ್ ಅಥವಾ ಟೈಲ್ಸ್ ಹಾಕಲು ಬಂದರೆ ಕೆಲಸ ನಿಲ್ಲಿಸಿ, ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡುವಂತೆ ಕೇಳಿ. ಫಲಕವಿಲ್ಲದೆ, ಕಾರ್ಯಾದೇಶ ತೋರಿಸದೆ ಯಾವುದೇ ಕಟ್ಟಡದ ಕೆಲಸ ಉದ್ಯಾನದೊಳಗೆ ಆರಂಭವಾದರೆ, ಅದು ಎಷ್ಟೇ ಸಣ್ಣದಾಗಿದ್ದರೂ, ಅಂದೇ ಛಾಯಾಚಿತ್ರ ತೆಗೆದು ಲಿಖಿತ ದೂರು ಕೊಡಿ. ಪಾಯ ಹಾಕುವ ಹೊತ್ತಿನಲ್ಲಾದರೆ ಕೆಲಸವನ್ನು ಒಂದು ಪತ್ರ ತಡೆಯಬಲ್ಲದು. ತಾರಸಿ ಹಾಕಿದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.